ನಮ್ಮನೆ ಪೆಟ್ಟಿಗೆಯ ಬಿಸಿ

ನಮ್ಮೂರಿನ ಗಾಳಿ ಸೋಮಾರಿ. ಎದುರಿಗೆ ಕೂತವರ ಮಾತು, ಪಕ್ಕದ ಮನೆಯ ಒಗ್ಗರಣೆ, ಇಷ್ಟನ್ನು ಹೊತ್ತು ತರುತ್ತದೆ. ಅದರಾಚೆಗೆ ಫೋನಿನ ಕರೆಯನ್ನಾಗಲಿ ರೇಡಿಯೊದ ಹಾಡನ್ನಾಗಲಿ ಒಂದು ಗೇಣೂ ಮುಂದಕ್ಕೆ ಒಯ್ಯುವುದಿಲ್ಲ. ಬೇರೆ ಊರಿನವರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಗಿರಗಿರ ತಿರುಗುವುದನ್ನು ನೋಡಿ ನಾವು ನಗುತ್ತೇವೆ. ನಕ್ಕು ಸಾಕಾದ ಮೇಲೆ ಯಾರಾದರೊಬ್ಬರು ಪಾಪ ಅಂತ ಮನೆಗೆ ಕರೆದುಕೊಂಡು ಹೋಗಿ ಕೈಗೊಂದು ತಂತಿ ಕೊಡುತ್ತಾರೆ. ಎರಡು ವರ್ಷದ ಮಗುವಿಗೂ ಗೊತ್ತು: ಏನೇ ಹೋಗಬೇಕಿದ್ದರೂ ತಂತಿಯ ಒಳಗೇ ಹೋಗಬೇಕು, ಏನೇ ಬರಬೇಕಿದ್ದರೂ ತಂತಿಯ ಒಳಗೇ ಬರಬೇಕು.

ಹಾಗಾಗಿ ಪ್ರತಿ ಮನೆಯಲ್ಲೂ ಒಂದು ಪೆಟ್ಟಿಗೆ. ಅಂಗೈ ಅಗಲದ್ದು, ಎಂಟು ತೂತು, ತೂತಿಗೊಂದು ಹಸಿರು ದೀಪ. ಟೀವಿ, ರೇಡಿಯೊ, ಫೋನು, ಹೊಲಿಗೆ ಮಿಷನ್ನು ಎಲ್ಲದರ ತಂತಿಯೂ ಬಂದು ಅದರೊಳಗೆ ಬೀಳಬೇಕು. ಅದರ ಜೊತೆಗೆ ಆ ಸಾಮಾನುಗಳನ್ನು ಹಿಡಿದು ಕೂತವರ ಮನಸ್ಸೂ ಬಂದು ಬೀಳುತ್ತದೆ. ಒಬ್ಬರಿಗೆ ಹಸಿವಾದರೆ ಆ ಪೆಟ್ಟಿಗೆಗೆ ಸೇರಿದ ಎಲ್ಲರ ಬಾಯಲ್ಲೂ ನೀರೂರುತ್ತದೆ. ಅದಕ್ಕೇ ಕ್ಷೌರದಂಗಡಿಯ ತಿಮ್ಮಣ್ಣ ತನ್ನ ಮೊಮ್ಮಗಳ ತೊಟ್ಟಿಲಿಗೆ ಒಂದು ತಂತಿ ಹಾಕಿಸಿದ್ದಾನೆ; ಕೂಸು ಮಲಗಿದರೆ ಕುರ್ಚಿಯಲ್ಲಿ ಕೂತ ಗಿರಾಕಿಯೂ ಕತ್ತು ಅಲ್ಲಾಡಿಸುವುದಿಲ್ಲ. ಗಂಡಹೆಂಡಿರು ಜಗಳವಾಡಿದರೆ ಮೊದಲು ತಮ್ಮ ತಮ್ಮ ತಂತಿ ಕಿತ್ತು, ಆಮೇಲೆ ಬೈದುಕೊಳ್ಳುತ್ತಾರೆ. ಇದು ಮರ್ಯಾದಸ್ಥರ ಲಕ್ಷಣ. ಕಿತ್ತುಕೊಳ್ಳದೆ ಬೈಯುವವರನ್ನು ಕಂಡರೆ ನಮ್ಮ ಕಡೆ ಯಾರೂ ಹೆಣ್ಣು ಕೊಡುವುದಿಲ್ಲ.

ಸಿಟ್ಟಿಗೆ ಪೆಟ್ಟಿಗೆ ಬಿಸಿಯಾಗುತ್ತದೆ. ಇದು ನನಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಪೆಟ್ಟಿಗೆ ಬಿಸಿಯಾಯಿತು. ನಲವತ್ತೆರಡು ಹುಡುಗರು ಕೂತಿದ್ದ ಕ್ಲಾಸು. ಗಣಿತದ ಮೇಷ್ಟ್ರು ಅದರ ಮೇಲೆ ಕೈಯಿಟ್ಟು ನೋಡಿ, "ಇದು ಮರುಳಸಿದ್ಧಂದೇ. ಏಳಲೇ ಮೇಲೆ" ಅಂದರು. ಅಲ್ಲಿಯ ತನಕ ನನಗೆ ಸಿಟ್ಟೇ ಇರಲಿಲ್ಲ. ಆಮೇಲೆ ಬಂತು. ಪೆಟ್ಟಿಗೆಯನ್ನು ಗೋಡೆಯಿಂದ ಕಿತ್ತು ಕಾಲಲ್ಲಿ ತುಳಿದೆ. ಅಂದಿಗೆ ನನ್ನ ಓದು ಮುಗಿಯಿತು. ಮನೆಗೆ ಬಂದು ರೇಡಿಯೊ ಮುಟ್ಟಿದರೆ ಒಲೆಯ ಹತ್ತಿರ ಫೋನು ಹಿಡಿದು ನಿಂತಿದ್ದ ಅವ್ವನ ಕೈಯ ಹಾಲು ಚೆಲ್ಲಿತು. ಅವ್ವ ನನ್ನ ತಂತಿ ಕಿತ್ತು ಸುರುಳಿ ಸುತ್ತಿ ಅಟ್ಟಕ್ಕೆ ಎಸೆದಳು. "ತಣ್ಣಗಾದ ಮೇಲೆ ಹಾಕ್ತೀನಪ್ಪ" ಅಂದಳು. ಐದು ವರ್ಷವಾಯಿತು.

ಆದರೆ ಪೆಟ್ಟಿಗೆ ತಣ್ಣಗಾಗಲಿಲ್ಲ. ತಂತಿ ಇಲ್ಲದಿದ್ದರೂ ನನ್ನ ಸಿಟ್ಟು ಗೋಡೆ ದಾಟಿ ಬರುತ್ತಿದೆ ಎಂದು ಮನೆಯವರು ತೀರ್ಮಾನಿಸಿದರು. ನನ್ನ ಹಾಸಿಗೆ ನಡುಮನೆಯಿಂದ ಜಗಲಿಗೆ ಹೋಯಿತು. ನಾಲ್ಕು ದಿನ ತಣ್ಣಗಿದ್ದು ಮತ್ತೆ ಬಿಸಿಯಾಯಿತು. ಹಿತ್ತಿಲ ತಗಡಿನ ಶೆಡ್ಡಿಗೆ ಹೋದೆ. ವಾರದೊಳಗೆ ಮತ್ತೆ ಬಿಸಿ. ಕೊನೆಗೆ ಓಣಿಯಾಚೆಗೆ ಒಂದು ಕೋಣೆ. ಇಷ್ಟು ದೂರದಿಂದಲೂ ಮನೆಯವರನ್ನು ಸುಡುವಷ್ಟು ಸಿಟ್ಟು ನನ್ನಲ್ಲಿದೆಯಲ್ಲ ಎಂದು ನನಗೇ ಒಂದು ತರಹ ಹೆದರಿಕೆ, ಒಂದು ತರಹ ಸೊಕ್ಕು. ಊಟಕ್ಕೆ ಹೋದರೆ ಹಿತ್ತಿಲ ಬಾಗಿಲಲ್ಲೇ ನಿಲ್ಲುತ್ತಿದ್ದೆ. ನಾನು ಎರಡು ರೊಟ್ಟಿ ಕೇಳಿದರೆ ಅವ್ವ ನಾಲ್ಕು ಹಾಕುತ್ತಿದ್ದಳು. ಅಕ್ಕ ತಟ್ಟೆ ಕೈಗೆ ಕೊಡುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಹೊಟ್ಟೆಪಾಡಿಗೆ ತಂತಿ ಎಳೆಯುವ ಕರಿಬಸಣ್ಣನ ಹತ್ತಿರ ಸೇರಿದೆ. ಶಾಲೆಯಲ್ಲಿ ಮಗ್ಗಿ ಬಾರದವನಿಗೆ ಇದು ಒಂದೇ ದಿನದಲ್ಲಿ ಬಂತು. ತಂತಿಯ ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಅದೇ ಸಾಲಿನಲ್ಲಿ ಜೋಡಿಸಿ, ತುದಿಗೆ ಪ್ಲಾಸ್ಟಿಕ್ಕಿನ ಮೂತಿ ತೊಡಿಸಿ, ಇಕ್ಕಳದಲ್ಲಿ ಒಮ್ಮೆ ಕಚಕ್ಕನೆ ಒತ್ತಿದರೆ ಆಯಿತು. ಈ ಊರಿನ ಅರ್ಧ ಮನೆಗಳ ತಂತಿ ನನ್ನ ಕೈಯಲ್ಲಿ ಮೂತಿ ತೊಟ್ಟದ್ದು. ಯಾವುದರ ಒಳಗೂ ನಾನಿಲ್ಲ.

ನನ್ನ ಅಕ್ಕ ನೀಲಾಂಬಿಕೆ. ಊರಿನವರು ಅವಳನ್ನು 'ತಣ್ಣೀರು' ಅನ್ನುತ್ತಾರೆ. ಗಾಜಿನ ಹಲಗೆಯ ಮೇಲೆ ಅವಳು ಹೂವು, ಬಳ್ಳಿ, ನವಿಲು ಬರೆದರೆ ಅದು ತಂತಿಯಲ್ಲಿ ಹಾದು ಅವ್ವನ ಮಿಷನ್ನಿಗೆ ಹೋಗುತ್ತದೆ, ಮಿಷನ್ನು ಅದನ್ನು ಸೀರೆಯ ಸೆರಗಿಗೆ ಹೊಲಿಯುತ್ತದೆ. ಜೋರಾಗಿ ಮಾತಾಡಿದವಳಲ್ಲ. ಇಂಥವಳಿಗೆ ಎರಡು ಸಂಬಂಧ ಬಂದು ಮುರಿದವು. ನಮ್ಮಲ್ಲಿ ಹೆಣ್ಣು ನೋಡುವುದೆಂದರೆ ಗಂಡಿನ ಕಡೆಯವರು ತಮ್ಮ ಪೆಟ್ಟಿಗೆ ಹೊತ್ತು ತರುತ್ತಾರೆ. ಎರಡು ಪೆಟ್ಟಿಗೆಗೂ ನಡುವೆ ಒಂದು ತಂತಿ ಕೂಡಿಸಿ, ಎಲ್ಲರೂ ತಮ್ಮ ತಮ್ಮ ಸಾಮಾನು ಹಿಡಿದು ಒಂದು ತಾಸು ಸುಮ್ಮನೆ ಕೂರುತ್ತಾರೆ. ಯಾರೂ ಏನೂ ಕೇಳಬೇಕಾಗಿಲ್ಲ, ತಾಸು ಕಳೆಯುವುದರೊಳಗೆ ತಿಳಿಯುತ್ತದೆ. ಎರಡು ಸಲವೂ ಅರ್ಧ ತಾಸಿಗೇ ನಮ್ಮ ಪೆಟ್ಟಿಗೆ ಕಾದು, ಬಂದವರು ತಂತಿ ಸುತ್ತಿಕೊಂಡು ಎದ್ದರು. ಎರಡು ಸಲವೂ ಎಲ್ಲರೂ ನನ್ನ ಕೋಣೆಯ ಕಡೆ ನೋಡಿದರು. ಮೂರನೆಯದೂ ಮುರಿದರೆ ಆ ಹೊಸ್ತಿಲಿಗೆ ಇನ್ನೊಬ್ಬರು ಪೆಟ್ಟಿಗೆ ತರುವುದಿಲ್ಲ. ಊರಿನ ರೂಢಿ.

ಮೂರನೆಯವರು ಬರುವ ಹಿಂದಿನ ದಿನ ಅವ್ವ ನನ್ನ ಕೋಣೆಗೆ ಬಂದಳು.

"ಗೊತ್ತು ಬಿಡು" ಅಂದೆ. "ಈ ಸಲ ಎಲ್ಲಿ ಕುಂದ್ರಲಿ? ಕೆರೆ ಏರಿ ಮೇಲೋ, ಬಸ್ ಹತ್ತಿ ಹೋಗಲೋ?"

"ಕರಿಬಸಣ್ಣ ಏಣಿಯಿಂದ ಬಿದ್ದು ಕಾಲು ಮುರ್ಕಂಡಾನೆ" ಅಂದಳು ಅವ್ವ. "ನೀನೇ ಬಂದು ತಂತಿ ಕೂಡಿಸ್ಬೇಕು."

"ನಾನಾ? ನನ್ನ ಕಂಡ್ರೆ ಪೆಟ್ಟಿಗೆ ಕಾಯ್ತೈತಿ ಅಂತೀರಲ್ಲ!"

"ಉಸಿರು ಬಿಗಿ ಹಿಡ್ಕಂಡು ಮಾಡು, ನನ್ನಪ್ಪ. ಕೂಡಿಸಿದ ಕೂಡ್ಲೆ ಹೊರಗೆ ಹೋಗಿಬಿಡು. ನಿಮ್ಮಕ್ಕನ ಬಾಳಿನ ಪ್ರಶ್ನೆ."

ಹೋಗುವಾಗ ನನ್ನ ಅಂಗಿಯ ಕಿತ್ತ ಗುಂಡಿಯನ್ನು ನೋಡಿ, ಸೆರಗಿನಲ್ಲಿ ಚುಚ್ಚಿದ್ದ ಸೂಜಿ ತೆಗೆದು ನಿಂತಲ್ಲೇ ಹೊಲಿದಳು. ದಾರವನ್ನು ಹಲ್ಲಿನಿಂದ ಕಚ್ಚಿ ಹೋದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಬಂದವರು ಇಬ್ಬರೇ; ತಮ್ಮ ಪೆಟ್ಟಿಗೆಯನ್ನು ನಮ್ಮದರ ಪಕ್ಕಕ್ಕಿಟ್ಟು, ಅದಕ್ಕೆ ತಂತಿ ಹಚ್ಚಿದ ಫೋನು ಹಿಡಿದು ಕೂತರು. ಗಂಡು ಬಕ್ಕೇಶ, ಬಿಳಿ ಅಂಗಿಯ ತೆಳ್ಳನೆಯ ಆಸಾಮಿ, ಕೂತಲ್ಲಿಂದ ನೆಲವನ್ನೇ ನೋಡುತ್ತಿದ್ದ. ಅವನ ಸೋದರಮಾವ ಓಂಕಾರಪ್ಪ, ಕೂತಲ್ಲಿಂದ ನಮ್ಮ ಮಾಡು, ತೊಲೆ, ಬಾಗಿಲು, ಎಲ್ಲವನ್ನೂ ನೋಡುತ್ತಿದ್ದ. ನಮ್ಮ ಕಡೆ ಅವ್ವ ಮಿಷನ್ನಿನ ಮುಂದೆ, ಅಜ್ಜ ಒಳಕೋಣೆಯ ಮಂಚದ ಮೇಲೆ ರೇಡಿಯೊ ತಬ್ಬಿಕೊಂಡು, ಅಕ್ಕ ಗಾಜಿನ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು. ನಾನು ಪೆಟ್ಟಿಗೆಯ ಪಕ್ಕ ಮಂಡಿಯೂರಿ, ನಿನ್ನೆ ರಾತ್ರಿಯೇ ಸಿದ್ಧಮಾಡಿದ್ದ ಹೊಸ ತಂತಿ ತೆಗೆದೆ.

ಓಂಕಾರಪ್ಪ ತನ್ನ ಚೀಲದಿಂದ ಒಂದು ತಂತಿ ತೆಗೆದು ನನ್ನ ಮುಂದೆ ಎಸೆದ. "ನಮ್ದು ಹಾಕಪ್ಪ. ಗಂಡಿನ ಕಡೇದು ಹಾಕೋದು ಪದ್ಧತಿ."

ಒಳಗಿನಿಂದ ಅಜ್ಜ ಕೂಗಿದ: "ಯಾವೂರ ಪದ್ಧತಿರೀ ಅದು? ಮನಿ ನಮ್ದು, ತಂತೀನೂ ನಮ್ದೇ!"

"ಹಂಗಾದ್ರೆ ನಾವು ಪೆಟ್ಟಿಗೆ ಹೊತ್ಕಂಡು ಬಂದಿದ್ದು ಯಾಕೆ?"

"ಹೊತ್ತಿದ್ದಕ್ಕೆ ಮಂಡಕ್ಕಿ ಮೆಣಸಿನಕಾಯಿ ಕೊಡ್ತೀವಿ, ತಿನ್ರಿ!"

ಅವ್ವ ಗಾಬರಿಯಾದಳು. ಮಾವನಾದ ಅಜ್ಜನ ಮಾತು ಮೀರುವ ಹಾಗಿಲ್ಲ, ಬೀಗರಾಗುವವರ ಮುಖ ಮುರಿಯುವ ಹಾಗಿಲ್ಲ. "ಎರಡೂ ಹಾಕಿಬಿಡು ಸಿದ್ದ. ಇಬ್ರುದ್ದೂ ಇರ್ಲಿ" ಅಂದಳು.

"ಆಗಲ್ಲವ್ವ" ಅಂದೆ. "ಎರಡು ಪೆಟ್ಟಿಗೆ ನಡುವೆ ಒಂದೇ ತಂತಿ ಇರ್ಬೇಕು. ಎರಡು ಹಾಕಿದ್ರೆ ಇದ್ರಾಗೆ ಹೋದದ್ದು ಅದ್ರಾಗೆ ತಿರುಗಿ ಬರ್ತೈತಿ. ಸುತ್ತಿ ಸುತ್ತಿ ದಪ್ಪ ಆಗ್ತೈತಿ, ನಿಲ್ಲಂಗಿಲ್ಲ."

ಓಂಕಾರಪ್ಪ ನನ್ನನ್ನು ಮೊದಲ ಸಲ ನೋಡಿದ. "ಎಷ್ಟನೇ ಕ್ಲಾಸ್ ತನಕ ಓದೀಯಪ್ಪ?"

"ಒಂಬತ್ತು."

"ಅದಕ್ಕೇ" ಅಂದು ಬಕ್ಕೇಶನ ಕಡೆ ತಿರುಗಿ ನಕ್ಕ.

ನಾನು ಎರಡು ತಂತಿಯನ್ನೂ ಎತ್ತಿ, ಎರಡೂ ಪೆಟ್ಟಿಗೆಗೆ, ಟಕ್ ಟಕ್ ಎಂದು ನಾಲ್ಕೂ ಮೂತಿಯನ್ನು ಸಿಕ್ಕಿಸಿ ಹಿಂದೆ ಸರಿದೆ. ಅನುಭವಿಸ್ರಿ ಎಂದುಕೊಂಡೆ. ಕಸುಬು ಗೊತ್ತಿದ್ದವನು ಗೊತ್ತಿದ್ದೇ ಮಾಡಿದ ತಪ್ಪು ಅದು. ಅಕ್ಕನ ನೆನಪು ಆ ಗಳಿಗೆಯಲ್ಲಿ ನನಗೆ ಬರಲಿಲ್ಲ. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ಹಸಿರು ದೀಪಗಳೆಲ್ಲ ಒಟ್ಟಿಗೆ ಪಟಪಟನೆ ಹೊಡೆದುಕೊಳ್ಳತೊಡಗಿದವು. ಅಜ್ಜನ ರೇಡಿಯೊ ಕೊಂಯ್ ಎಂದು ಅಳತೊಡಗಿತು. ಬಟ್ಟೆಯಿಲ್ಲದ ಮಿಷನ್ನು ತನ್ನಷ್ಟಕ್ಕೆ ತಾನೇ ಖಾಲಿ ಹೊಲಿಯತೊಡಗಿತು. ಬಕ್ಕೇಶ ಬೆಳಿಗ್ಗೆ ಹೆದರಿ ಏನೂ ತಿಂದಿರಲಿಲ್ಲವೆಂದು ಕಾಣುತ್ತದೆ; ಅವನ ಹಸಿವು ಒಂದು ಸುತ್ತು ಹೋಗಿ ಬಂದು ಎರಡಾಯಿತು, ನಾಲ್ಕಾಯಿತು, ಅಜ್ಜ ಒಳಗಿನಿಂದ "ಎಲ್ಲಿ ಮಂಡಕ್ಕಿ, ತರ್ರೇ, ಸಾಯ್ತೀನಿ" ಎಂದು ಒರಲಿದ. ಓಂಕಾರಪ್ಪನಿಗೆ ಬಂದಾಗಿನಿಂದ ಬಚ್ಚಲಿಗೆ ಹೋಗಬೇಕಿತ್ತು, ದೊಡ್ಡಸ್ತಿಕೆಗೆ ಕೇಳಿರಲಿಲ್ಲ. ಅದೂ ಸುತ್ತಿತು. ಅವ್ವ, ಅಕ್ಕ, ಬಕ್ಕೇಶ ಮೂವರೂ ಒಂದೇ ಸಲ ಕಾಲಿನ ಮೇಲೆ ಕಾಲು ಹಾಕಿ ಬಿಗಿಯಾಗಿ ಕೂತರು. ನನಗೆ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಎಲ್ಲದರ ಅಡಿಯಿಂದ ಸಿಟ್ಟು ಮೇಲೆ ಬರುತ್ತಿತ್ತು. ಬಕ್ಕೇಶನ ಕಿವಿ ಕೆಂಪಾದವು. ಅವ್ವ ಹಲ್ಲು ಕಚ್ಚಿದಳು. ಓಂಕಾರಪ್ಪ ತನ್ನ ಫೋನನ್ನು ಬಿಸಿ ಕೆಂಡದಂತೆ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತ ಎದ್ದು ನಿಂತ. ನಾನು ಹಾರಿ ಹೋಗಿ ಅವನು ಕೊಟ್ಟಿದ್ದ ತಂತಿಯನ್ನು ಕಿತ್ತೆ. ದೀಪಗಳು ಸಮಾಧಾನಕ್ಕೆ ಬಂದವು. ಹಸಿವು ಒಬ್ಬನ ಹಸಿವಿನಷ್ಟಾಯಿತು. ಬಚ್ಚಲಿನ ಅವಸರ ಒಬ್ಬನ ಅವಸರದಷ್ಟಾಯಿತು. ಆದರೆ ಪೆಟ್ಟಿಗೆ ಮಾತ್ರ ಅಂಗೈ ಇಡಲಾಗದಷ್ಟು ಬಿಸಿ.

ಎಲ್ಲರೂ ನನ್ನನ್ನು ನೋಡಿದರು.

"ಈ ಹುಡುಗನ್ನ ಮೊದ್ಲು ಹೊರಗೆ ಕಳಿಸ್ರಿ" ಅಂದ ಓಂಕಾರಪ್ಪ. "ಊರೆಲ್ಲ ಹೇಳಿದ್ದು ಖರೇನೇ. ತಂತಿ ಇಲ್ದಿದ್ರೂ ದಾಟಿ ಬರ್ತೈತಿ."

"ಸಿದ್ದ..." ಅಂದಳು ಅವ್ವ. ಬೇಡಿಕೊಳ್ಳುವ ದನಿ.

ಎದ್ದು ಹೊರಟವನು ಹೊಸ್ತಿಲ ಹತ್ತಿರ ನಿಂತೆ. ನನ್ನ ಎರಡೂ ಕೈ ಖಾಲಿ. ಒಂದು ಎಳೆಯೂ ನನ್ನನ್ನು ಮುಟ್ಟಿರಲಿಲ್ಲ.

"ದಾಟಿ ಬರ್ತೈತಿ ಅಂದ್ರೆ, ಹೆಂಗೆ ಬರ್ತೈತಿ?" ಎಂದು ಕೇಳಿದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. "ಯಾವ ಗಾಳಿ ಹೊತ್ಕಂಡು ಬರ್ತೈತಿ ಇಲ್ಲಿ?"

ಈ ಊರಿನಲ್ಲಿ ಹುಟ್ಟಿ, ತಂತಿಯನ್ನೇ ಉಂಡು ತಂತಿಯನ್ನೇ ಹಾಸಿ ಹೊದ್ದ ನಾವು ಐದು ವರ್ಷ ಈ ಪ್ರಶ್ನೆ ಕೇಳಿರಲಿಲ್ಲ. ಕಸುಬಿನವನಾದ ನಾನೂ ಕೇಳಿರಲಿಲ್ಲ.

ವಾಪಸು ಬಂದು ಕೂತೆ. ಎಡಗೈಯನ್ನು ಪೆಟ್ಟಿಗೆಯ ಮೇಲಿಟ್ಟೆ. ಯಾವ ಮನೆಯಲ್ಲಿ ತೊಂದರೆಯಾದರೂ ಇದನ್ನೇ ಮಾಡುತ್ತೇವೆ: ಒಂದೊಂದೇ ತಂತಿ ಕಿತ್ತು ನೋಡುವುದು. ಮೊದಲು ಬೀಗರ ಪೆಟ್ಟಿಗೆಯನ್ನೇ ಬಿಡಿಸಿದೆ. ಬಿಸಿ ಹಾಗೆಯೇ ಇತ್ತು. ಅಜ್ಜನದು ಕಿತ್ತೆ. "ಲೇ ಯಾರಲೇ, ಹಾಡು ನಿಂತೋತು" ಎಂಬ ಕೂಗು ಬಂತು. ಬಿಸಿ ಹಾಗೆಯೇ ಇತ್ತು. ಅವ್ವನದು ಕಿತ್ತೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಬಿಸಿ ಹಾಗೆಯೇ.

ಉಳಿದದ್ದು ಒಂದೇ ತಂತಿ. ಅಕ್ಕ ಅದರ ಮೇಲೆ ಕೈ ಅಡ್ಡ ಇಟ್ಟಳು.

"ನಂದು ಬ್ಯಾಡ ಸಿದ್ದ."

ಕಿತ್ತೆ. ಒಲೆಯಿಂದ ಇಳಿಸಿದ ಹೆಂಚು ಆರುವಂತೆ ಪೆಟ್ಟಿಗೆ ನನ್ನ ಅಂಗೈ ಕೆಳಗೇ ನಿಧಾನಕ್ಕೆ ಆರಿತು.

ಮಿಷನ್ನಿನ ಗಾಲಿ ಸುಮ್ಮನೆ ಸುತ್ತಿ ನಿಂತಿತು. ಅವ್ವ ಮೆಲ್ಲಗೆ, "ನೀಲಾ, ನೀನಾ?" ಅಂದಳು.

"ನಾನೇ" ಅಂದಳು ಅಕ್ಕ. ಗಾಜಿನ ಹಲಗೆಯನ್ನು ಪಕ್ಕಕ್ಕಿಟ್ಟು ಸೆರಗು ಸರಿಮಾಡಿಕೊಂಡಳು. "ಅಜ್ಜ ದಿನಕ್ಕೆ ಏಳು ಸಲ ಚಾ ಕೇಳಿದ್ರೆ ನನಗೆ ಸಿಟ್ಟು ಬರ್ತೈತಿ. ನಾನು ಬರೆದ ನವಿಲಿಗೆ ಜನ ನಿನ್ನ ಮಿಷನ್ನಿಗೆ ಶಭಾಷ್ ಅಂದ್ರೆ ಸಿಟ್ಟು ಬರ್ತೈತಿ. ಮೊದ್ಲು ಬಂದೋರು ನಡೆದು ತೋರಿಸು ಅಂದ್ರು, ಎರಡನೇಯೋರು ನಕ್ಕು ತೋರಿಸು ಅಂದ್ರು. ಇವ್ರು ಬಂದಾಗಿಂದ ತೊಲೆ ನೋಡ್ತಾ ಕುಂತಾರೆ. ಸಿಟ್ಟು ಬರದೇ ಏನು ಬರ್ಬೇಕು? ಬಂದಾಗೆಲ್ಲ ನೀವೆಲ್ಲ ಇವನ ಕಡೆ ನೋಡ್ತೀರಿ. ನನ್ನ ಸಿಟ್ಟಾದ್ರೂ ನಂದು ಅಂತ ಬಿಟ್ರಾ? ಅದನ್ನೂ ಇವನ ಹೆಸರಿಗೆ ಹಾಕಿದ್ರಿ."

"ಮತ್ತೆ ಬಾಯಿಬಿಟ್ಟು ಹೇಳ್ಬೇಕಿತ್ತು" ಅಂದೆ ನಾನು.

"ಮೊದ್ಮೊದ್ಲು ಅನುಕೂಲ ಆಗಿತ್ತು ಕಣೋ" ಅಂದಳು. ಐದು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು. "ನಿನ್ನ ಜಗಲಿಗೆ ಹಾಕಿದಾಗ ಹೇಳ್ಬೇಕಿತ್ತು. ಹೇಳ್ಲಿಲ್ಲ. ಶೆಡ್ಡಿಗೆ ಹಾಕಿದಾಗ ಇನ್ನೂ ಕಷ್ಟ ಆತು. ಆಮೇಲೆ ನಿನ್ನ ಮೇಲೇ ಸಿಟ್ಟು ಬಂತು. ಎಷ್ಟು ಸಲೀಸಾಗಿ ಒಪ್ಕಂಡುಬಿಟ್ಟೆ ನೀನು! ಒಂದಿನ, ಒಂದೇ ಒಂದಿನ, ಇದು ನಂದಲ್ಲ ಅನ್ನಬಾರ್ದಿತ್ತಾ?"

ಓಂಕಾರಪ್ಪ ತನ್ನ ತಂತಿಯನ್ನು ಮೊಳಕೈಗೆ ಸುತ್ತಿಕೊಳ್ಳತೊಡಗಿದ. "ಏಳು ಬಕ್ಕೇಶ. ಇಂಥ ಬೆಂಕಿನ ಮನಿಗೆ ಒಯ್ದು ಏನ್ ಮಾಡಾನ?"

ಬಕ್ಕೇಶ ಏಳಲಿಲ್ಲ. ನೆಲ ನೋಡುವುದನ್ನು ಮಾತ್ರ ಬಿಟ್ಟ.

"ಮಾವ, ನೀವು ಮುಂದೆ ನಡೀರಿ" ಅಂದ. "ನನಗೆ ಹಸಿವಾಗೈತಿ."

"ಏನಂದೆ?"

"ಮಂಡಕ್ಕಿ ತಿಂದು ಬರ್ತೀನಿ. ಮತ್ತೆ... ನಮ್ಮನಿ ಪೆಟ್ಟಿಗಿ ನಾನು ಹುಟ್ಟಿದಾಗಿಂದ ತಣ್ಣಗೈತಿ ಮಾವ. ಕೈ ಇಟ್ರೆ ಒಳಗೆ ಯಾರಾದ್ರೂ ಅದಾರೋ ಇಲ್ಲೋ ತಿಳಿಯಂಗಿಲ್ಲ. ಇವತ್ತು ಸುಟ್ಟಿತು. ಸುಟ್ಟಿದ್ದು ಚಲೋ ಅನ್ನಿಸ್ತು."

ಓಂಕಾರಪ್ಪ ಅವ್ವನ ಕಡೆ ತಿರುಗಿ, "ಬಚ್ಚಲು ಯಾ ಕಡಿಗೆ ಐತ್ರೀ?" ಎಂದು ಕೇಳಿ, ಹೋಗಿ ಬಂದು, ಯಾರನ್ನೂ ನೋಡದೆ ಚಪ್ಪಲಿ ಮೆಟ್ಟಿ ಹೊರಟುಹೋದ.

ಅವ್ವ ಆಸೆಯಿಂದ ಅಕ್ಕನನ್ನು ನೋಡಿದಳು. ಅಕ್ಕ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. "ನೀವು ಚಲೋ ಅಂದ್ಕೂಡ್ಲೆ ನಾನು ಹೂಂ ಅನ್ನಂಗಿಲ್ಲ" ಎಂದು ಬಕ್ಕೇಶನಿಗೆ ಹೇಳಿದಳು. "ಈ ತಾಸು ಕೆಟ್ಟೋತು. ಇನ್ನೊಂದು ತಾಸು ಕುಂದರ್ರಿ. ಈ ಮನೇರು ಎಲ್ಲಾರೂ ಇರ್ಬೇಕು. ಎಲ್ಲಾರೂ ಅಂದ್ರೆ ಎಲ್ಲಾರೂ." ಮತ್ತೆ ನನ್ನ ಕಡೆ ತಿರುಗಿದಳು. "ನೀನೂ ಹಾಕ್ಕ."

ನಾನು ಎಲ್ಲರ ತಂತಿಯನ್ನೂ ಮತ್ತೆ ಸಿಕ್ಕಿಸಿದೆ. ಎರಡು ಪೆಟ್ಟಿಗೆಯ ನಡುವೆ ಒಂದೇ ತಂತಿ, ನಮ್ಮದು. ಅವ್ವ ಎಲ್ಲರ ಮುಂದೆ ಮಂಡಕ್ಕಿಯ ತಟ್ಟೆ ಇಟ್ಟಳು. ಇನ್ನು ನನ್ನದು. ಹಿಡಿದುಕೊಳ್ಳಲು ನನಗೆ ಫೋನೂ ಇಲ್ಲ, ರೇಡಿಯೊವೂ ಇಲ್ಲ. ಜೇಬಿನಲ್ಲಿದ್ದದ್ದು ತಂತಿ ಸರಿಯಿದೆಯೋ ಇಲ್ಲವೋ ನೋಡುವ ಟೆಸ್ಟರು. ಅದಕ್ಕೇ ಒಂದು ತಂತಿ ಹಚ್ಚಿದೆ. ಇನ್ನೊಂದು ತುದಿಯನ್ನು ಪೆಟ್ಟಿಗೆಯ ಹತ್ತಿರ ತಂದು ಹಿಡಿದುಕೊಂಡೇ ಕೂತೆ. ಸಾವಿರ ಸಲ ಮಾಡಿದ ಕೆಲಸ, ಕೈ ಮುಂದೆ ಹೋಗಲೊಲ್ಲದು. ಸಿಟ್ಟು ನನ್ನದು ಎಂದುಕೊಂಡಿದ್ದಷ್ಟು ದಿನ ಒಳಗೆ ಏನಿದೆಯೆಂದು ನನಗೆ ಗೊತ್ತಿತ್ತು. ಈಗ ಗೊತ್ತಿಲ್ಲ.

"ಹಾಕೋ" ಅಂದಳು ಅಕ್ಕ, ಮೆಲ್ಲಗೆ.

ಟಕ್ ಅಂದಿತು. ದೀಪ ಹತ್ತಿತು.

ಬಕ್ಕೇಶ ಬಾಯಿಗೆ ಹಾಕಿಕೊಳ್ಳಲು ಹೋದ ಮೆಣಸಿನಕಾಯಿಯನ್ನು ತಟ್ಟೆಗೆ ಇಳಿಸಿದ. ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. ಮಿಷನ್ನಿನ ಮೇಲೆ ಕೈಯಿಟ್ಟಿದ್ದ ಅವ್ವ ನಿಂತಲ್ಲೇ ನಿಂತಳು. ಒಳಕೋಣೆಯಲ್ಲಿದ್ದ ಅಜ್ಜನಿಗೆ ನಾನು ತಂತಿ ಹಾಕಿಕೊಂಡದ್ದು ಗೊತ್ತಿರಲಿಲ್ಲ. ಅವನು ರೇಡಿಯೊ ತಬ್ಬಿಕೊಂಡೇ ಕೇಳಿದ:

"ಯಾರಲೇ ಅದು, ಹೊಸಬ್ರು ಬಂದಂಗೈತಿ? ಯಾಕೆ ಇಷ್ಟು ಹೆದರ್ಯಾನೆ ಪಾಪ? ಯಾರಾದ್ರೂ ಅವನ ಹತ್ರ ಕುಂದರ್ರೇ."